ನೆಲ ಬಿಟ್ಟು ಎದ್ದ ವ್ಯಾಕ್ಯೂಮ್ ಕ್ಲೀನರ್

ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದ ದಿನಗಳವು. ನಾನು ಗದಗದ ಕಡೆಯಿಂದ ಬಂದು, ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಪೀಣ್ಯದ ಒಂದು ಮೋಟಾರ್ ರಿಪೇರಿ ಶೆಡ್ಡಿನಲ್ಲಿ ವೈಂಡಿಂಗ್ ಕೆಲಸ ಮಾಡುತ್ತಿದ್ದೆ. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು. ಬರುತ್ತಿದ್ದದ್ದೆಲ್ಲ ಬೋರ್‌ವೆಲ್ ಪಂಪು, ಲೇತಿನ ಮೋಟಾರು. ವ್ಯಾಕ್ಯೂಮ್ ಕ್ಲೀನರ್ ಬಂದದ್ದು ಅದೊಂದೇ ಸಲ.

ತಂದವರು ಎಪ್ಪತ್ತು ದಾಟಿದ ಹಿರಿಯರು. ಗರಿಗರಿ ಇಸ್ತ್ರಿಯ ಶರ್ಟು, ಹೊಳೆಯುವ ಬೂಟು. ಆಟೋದಿಂದ ಇಳಿಸಿದ ಯಂತ್ರ ಕುಂಬಳಕಾಯಿಯಂತೆ ಗುಂಡಗಿತ್ತು. ವೈಟ್‌ಫೀಲ್ಡಿನಲ್ಲಿ ಅಪಾರ್ಟ್‌ಮೆಂಟಿಗೆಂದು ಹಳೆಯ ಬಂಗಲೆಯೊಂದನ್ನು ಕೆಡವುವಾಗ ಗುಜರಿ ಗಾಡಿಯಲ್ಲಿ ಕಂಡು ಕೊಂಡಿದ್ದರಂತೆ.

"ಇದು ಓಡ್ಬೇಕಮ್ಮ. ಎಷ್ಟು ದಿನ ಬೇಕಾದ್ರೂ ತಗೋ," ಎಂದರು.

"ನಿಮ್ದೇನ್ರೀ ಅಜ್ಜಾರ?"

"ನಂದಲ್ಲ. ನನ್ನ ವೈರೀದು."

ಮುಂದಿನ ಹತ್ತು ದಿನ ಅವರು ದಿನವೂ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತರು. ಕತೆ ತುಣುಕು ತುಣುಕಾಗಿ ಹೊರಬಂತು. ಹರೆಯದಲ್ಲಿ ಅವರು ಕಂಟೋನ್ಮೆಂಟಿನ ಬಂಗಲೆಗಳಿಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರುತ್ತಿದ್ದರು. ಇವರ ಕಂಪನಿಯದು ಉದ್ದನೆಯ, ಎಳೆದುಕೊಂಡು ಓಡಾಡುವ ಯಂತ್ರ. ಜಮಖಾನೆಯ ಮೇಲೆ ಬೇಕೆಂದೇ ಬೂದಿ ಚೆಲ್ಲಿ, ಮನೆಯೊಡತಿ ಚೀರುವಷ್ಟರಲ್ಲಿ ಎಲ್ಲವನ್ನೂ ಹೀರಿ ತೋರಿಸುವುದು ಇವರ ವಿದ್ಯೆ. ಎದುರಾಳಿ ಕಂಪನಿಗೂ ಇವರದೇ ವಯಸ್ಸಿನ ಒಬ್ಬ ಮಾರಾಟಗಾರ. ಒಂದೇ ಗೇಟಿನಲ್ಲಿ ಇಬ್ಬರೂ ಮುಖಾಮುಖಿಯಾದದ್ದೂ ಉಂಟು. ಆ ಮನುಷ್ಯ ಮಾರುತ್ತಿದ್ದ ಇಂಥದೇ ಗುಂಡು ಯಂತ್ರ, ತಾನು ಹೊರಬಿಟ್ಟ ಗಾಳಿಯ ಮೇಲೆ ತಾನೇ ತೇಲುತ್ತದೆ ಎಂದು ಊರೆಲ್ಲ ಸುದ್ದಿ.

"ನಾನು ನೋಡೇ ಇರ್ಲಿಲ್ಲ ಕಣಮ್ಮ. ಆದ್ರೂ ಹೋದಲ್ಲೆಲ್ಲ ಹೇಳ್ಬಿಟ್ಟೆ: ಮೋಸ ಅದು, ಅಡೀಲಿ ಸಣ್ಣ ಚಕ್ರ ಬಚ್ಚಿಟ್ಟಿದ್ದಾರೆ ಅಂತ. ಒಂದು ದೊಡ್ಡ ಹೋಟೆಲ್ ಅವನಿಗೆ ಕೊಡಬೇಕಾದ ಆರ್ಡರು ನನಗೆ ಕೊಡ್ತು. ಅವನ ಕೆಲಸ ಹೋಯ್ತು."

ನಾನು ಯಂತ್ರವನ್ನು ಮಗುಚಿ ತೋರಿಸಿದೆ. ಚಕ್ರ ಇರಲಿಲ್ಲ, ಗಾಳಿ ಹೊರಬೀಳುವ ಸಂದು ಮಾತ್ರ ಇತ್ತು.

"ಚಕ್ರ ಇಲ್ಲ ಅಂದ ಮಾತ್ರಕ್ಕೆ ತೇಲುತ್ತೆ ಅಂತಲ್ಲ," ಎಂದು ಮುಖ ತಿರುಗಿಸಿದರು.

ಒಳಗಿನ ಮೋಟಾರು ಬಿಚ್ಚಿದಾಗ ನನ್ನ ಕೈ ನಿಂತುಬಿಟ್ಟಿತು. ತಂತಿ ಕೂದಲೆಳೆಯಷ್ಟು ಸಣ್ಣದು. ಸುತ್ತಿನ ಪಕ್ಕದಲ್ಲಿ ಸುತ್ತು, ಒಂದೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ಕೊನೆಗಳನ್ನು ಮೇಣದ ದಾರದಿಂದ ಹೂಮಾಲೆಯಂತೆ ಕಟ್ಟಿದ್ದರು. ಯಾವ ದೇಶದ ಯಾವ ಹೆಣ್ಣುಮಗಳ ಬೆರಳೋ! ಗಂಡಸಿನದೂ ಇರಬಹುದು, ಆದರೆ ನನಗೆ ಹಾಗೇ ಅನ್ನಿಸಿತು. ಅಷ್ಟು ಚೆನ್ನಾಗಿ ಸುತ್ತಲು ನಾನು ಮೂರು ಸಲ ಕಿತ್ತು ಮತ್ತೆ ಸುತ್ತಿದೆ.

ಹತ್ತನೆಯ ದಿನ ಸ್ವಿಚ್ ಹಾಕಿದೆ. ಯಂತ್ರ ಊಳಿಟ್ಟಿತು, ಅಡಿಯಿಂದ ಧೂಳು ಚದುರಿತು. ಆದರೆ ಕೂತಲ್ಲಿಂದ ಕದಲಲಿಲ್ಲ.

"ನೋಡಿದ್ಯಾ? ನಾನು ಹೇಳಿದ್ದೇ ನಿಜ," ಎಂದರು ಹಿರಿಯರು. ದನಿಯಲ್ಲಿ ಗೆಲುವಿರಲಿಲ್ಲ.

ನಾನು ಕೆಳಗೆ ನೋಡಿದೆ. ನಮ್ಮ ಶೆಡ್ಡಿನ ಸಿಮೆಂಟು ನೆಲವೆಲ್ಲ ಹಳ್ಳ, ಬಿರುಕು. "ಇಲ್ಲಿ ನೆಲಾ ಸಮ ಇಲ್ರೀ ಅಜ್ಜಾರ. ಗಾಳಿ ಸೋರಾಕ್ಹತ್ತೇತಿ. ಸಾಹುಕಾರರ ಆಫೀಸಿಗೆ ಒಯ್ಯೂಣು, ಬರ್ರಿ."

ಶೆಡ್ಡಿನ ಮಾಲೀಕರು ತಮ್ಮ ಆಫೀಸಿಗೆ ನುಣುಪಾದ ಗ್ರಾನೈಟ್ ಹಾಕಿಸಿದ್ದರು. ಅಲ್ಲಿಟ್ಟು ಸ್ವಿಚ್ ಹಾಕಿದೆ. ಯಂತ್ರ ಒಮ್ಮೆ ನಡುಗಿತು. ಆಮೇಲೆ ಭಾರ ಇಳಿಸಿಕೊಂಡಂತೆ ಮೆಲ್ಲಗೆ ನೆಲ ಬಿಟ್ಟಿತು. ಬಿಟ್ಟದ್ದು ರಟ್ಟಿನ ದಪ್ಪದಷ್ಟೇ. ಹಿರಿಯರು ಮೊಣಕಾಲೂರಿ, ಜೇಬಿನ ಬಸ್ ಟಿಕೆಟ್ ತೆಗೆದು ಯಂತ್ರದ ಅಡಿಗೆ ತೂರಿಸಿದರು. ಗಾಳಿ ಅದನ್ನು ಅವರ ಮುಖಕ್ಕೇ ಹಾರಿಸಿತು.

ಮುಂದಿನ ಶನಿವಾರ ಜೊತೆಗೊಬ್ಬರನ್ನು ಕರೆತಂದರು. ಹಳೆಯ ಪರಿಚಯದವರನ್ನು ವಿಚಾರಿಸಿ ಬೊಮ್ಮನಹಳ್ಳಿಯ ಮಗಳ ಮನೆಯಲ್ಲಿ ಪತ್ತೆಹಚ್ಚಿದ ಆ ಎದುರಾಳಿ! ಬಡಕಲು ದೇಹ, ಕೈಯಲ್ಲಿ ಕೋಲು. ಆಫೀಸಿನಲ್ಲಿಟ್ಟಿದ್ದ ಯಂತ್ರವನ್ನು ಕಂಡವರೇ ಅದರ ನೆತ್ತಿ ಸವರಿದರು.

"ಅವತ್ತು ಹೋಟೆಲ್‌ನವ್ರು ನನ್ನ ಗೇಟಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ರು ಕಣೋ," ಎಂದರು. "ಒಂದ್ಸಲ ತೋರ್ಸೋಕೂ ಬಿಡ್ಲಿಲ್ಲ."

ನಮ್ಮ ಹಿರಿಯರು ತಲೆ ತಗ್ಗಿಸಿದರು. "ನಂದೇ ತಪ್ಪು. ಈಗ ತೋರ್ಸು."

ಆ ಬಡಕಲು ಮನುಷ್ಯ ಕೋಲನ್ನು ಗೋಡೆಗೆ ಒರಗಿಸಿದರು. ಕಾಲರ್ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ಬೆನ್ನು ನೆಟ್ಟಗಾಯಿತು. ದನಿಯೇ ಬೇರೆಯಾಯಿತು.

"ನಮಸ್ಕಾರ ಮೇಡಂ. ನಿಮ್ಮ ಐದು ನಿಮಿಷ ಮಾತ್ರ ತಗೋತೀನಿ."

ಆ ಶೆಡ್ಡಿನಲ್ಲಿ ನನ್ನನ್ನು ಯಾರೂ ಮೇಡಂ ಅಂದಿರಲಿಲ್ಲ. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಸಾಹುಕಾರರ ಕುರ್ಚಿಯಲ್ಲಿ ಕೂತೆ. ಲೇತಿನ ಹುಡುಗರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ಆ ಬಡಕಲು ಹಿರಿಯರು ಸ್ವಿಚ್ ಹಾಕಿ, ಯಂತ್ರವನ್ನು ಒಂದೇ ಬೆರಳಲ್ಲಿ ತಳ್ಳಿದರು. ಆ ಕಬ್ಬಿಣದ ಕುಂಬಳಕಾಯಿ ನೀರ ಮೇಲಿನ ಬಾತುಕೋಳಿಯಂತೆ ಜಾರಿ ಬಂದು ನನ್ನ ಕಾಲ ಬಳಿ ನಿಂತಿತು. ಅದರ ಹೊಟ್ಟೆಯಲ್ಲಿ ನಾನು ಸುತ್ತಿದ ತಂತಿ ಹಾಡುತ್ತಿತ್ತು.

"ತಗೋತೀರಾ ಮೇಡಂ?"

ಹಿಂದಿನಿಂದ ನಮ್ಮ ಹಿರಿಯರ ದನಿ ಕೇಳಿತು: "ತಗೊಳ್ಳಮ್ಮ. ನಿಜವಾಗ್ಲೂ ತೇಲುತ್ತೆ. ನಾನೇ ಹೇಳ್ತಿದೀನಿ."

ಆಮೇಲೆ ಅದನ್ನು ಬೊಮ್ಮನಹಳ್ಳಿಗೆ ಒಯ್ಯಲು ಆಟೋ ಕರೆಸಿದೆವು. ಹೊತ್ತು ಇಡಲು ಹೋದ ಹುಡುಗರನ್ನು ಇಬ್ಬರೂ ಗದರಿ ಹಿಂದೆ ಕಳಿಸಿದರು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿದು, ಏದುಸಿರು ಬಿಡುತ್ತ ತಾವೇ ಎತ್ತಿಟ್ಟರು.