ತಲುಪದ ನಾಲ್ಕು ರವಿಕೆಗಳು

ಅವರ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹೊಲಿಗೆ ಕಲಿಯುವಾಗ ಮೆಷಿನ್ನಿನ ಸೂಜಿ ಉಗುರನ್ನು ತೂರಿಕೊಂಡು ಹೋಗಿತ್ತಂತೆ. ಆಮೇಲೆ ಬೆಳೆದದ್ದೆಲ್ಲ ಹಾಗೆಯೇ, ಬೈತಲೆ ತೆಗೆದಂತೆ. ಆ ಉಗುರಿನಿಂದ ನನ್ನ ಕೌಂಟರಿನ ಗಾಜನ್ನು ಎರಡು ಸಲ ತಟ್ಟುವರು. ತಲೆ ಎತ್ತದೆಯೇ ನನಗೆ ಗೊತ್ತಾಗುತ್ತಿತ್ತು, ಇವತ್ತು ಮಂಗಳವಾರ ಎಂದು.

ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ಹಾಕಬಾರದು ಎಂಬುದು ಅವರ ನೇಮ. ಅವರ ಕತ್ತರಿಗೆ ರಜೆ ಸಿಕ್ಕ ದಿನ ನನಗೆ ನೆಮ್ಮದಿ ಇರುತ್ತಿರಲಿಲ್ಲ. ಮಾಲೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೊರಿಯರ್ ಕಂಪನಿಯ ಕೌಂಟರಿನಲ್ಲಿ ಕೂರುತ್ತಿದ್ದವಳು ನಾನು. ಅದೇ ಬೀದಿಯ ಕೊನೆಯಲ್ಲಿ ಅವರ ಹೊಲಿಗೆ ಅಂಗಡಿ. ಊರಿಗೆಲ್ಲ ಟೈಲರಕ್ಕ, ನನಗೂ ಅಕ್ಕ. ಹುಟ್ಟಿದ್ದು ರಾಯಲ್ಪಾಡಿನ ಹತ್ತಿರದ ಹಳ್ಳಿ, ನಾಲ್ಕು ಹೆಜ್ಜೆ ಇಟ್ಟರೆ ಆಂಧ್ರ. ಐದನೇ ತರಗತಿವರೆಗೆ ಓದಿದ್ದು ತೆಲುಗಿನಲ್ಲಿ. ಮದುವೆಯಾಗಿ ಮಾಸ್ತಿಗೆ ಬಂದರು, ಗಂಡ ಹೋದ ಮೇಲೆ ಮಾಲೂರಿಗೆ. ಸಮಾಧಾನದಲ್ಲಿದ್ದಾಗ ನನ್ನನ್ನು ತೆಲುಗಿನಲ್ಲಿ, ತಾಯಿ ಎಂಬಂತೆ, ‘ತಲ್ಲೀ’ ಎನ್ನುತ್ತಿದ್ದರು, ಸಿಟ್ಟು ಬಂದಾಗ ‘ಮೇಡಂ’. ನಾನು ಈಗ ಹೇಳುತ್ತಿರುವ ಏಳು ತಿಂಗಳು ಬರೀ ಮೇಡಂ ಆಗಿದ್ದೆ.

ಅವರು ಕಳಿಸಿದ್ದು ಒಂದು ಸಣ್ಣ ಪಾರ್ಸೆಲ್. ರಾಯಲ್ಪಾಡಿನಲ್ಲಿದ್ದ ಗೆಳತಿಗೆ ಹೊಲಿದ ನಾಲ್ಕು ರವಿಕೆ, ಜೊತೆಗೆ ಅಳತೆಗೆಂದು ತರಿಸಿಕೊಂಡಿದ್ದ ಹಳೆಯದೊಂದು. ತೂಕ ಹಾಕಿ ರಸೀದಿ ಹರಿದುಕೊಟ್ಟವಳು ನಾನೇ. ಮೂರು ದಿನಕ್ಕೆ ಹೋಗಬೇಕಾದದ್ದು ಹತ್ತು ದಿನವಾದರೂ ಹೋಗಲಿಲ್ಲ. ಕಂಪ್ಯೂಟರ್ ಮಾತ್ರ ‘ತಲುಪಿಸಲಾಗಿದೆ’ ಎಂದು ಹಸಿರು ಅಕ್ಷರದಲ್ಲಿ ತೋರಿಸುತ್ತಿತ್ತು. ಗೆಳತಿ ಬಂದಿಲ್ಲ ಎನ್ನುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲ, ನಾನು ಕಂಪ್ಯೂಟರನ್ನು ನಂಬಿದೆ. ನನಗೆ ಸಂಬಳ ಬರುತ್ತಿದ್ದದ್ದು ಆ ಕಡೆಯಿಂದ.

ಅಲ್ಲಿಂದ ಮಂಗಳವಾರಗಳು ಶುರುವಾದವು. ದೂರಿನ ಅರ್ಜಿ ತುಂಬಿಸಿದೆ. ಅದಕ್ಕೊಂದು ನಂಬರು ಬಂತು. ನಂಬರಿಗೆ ಉತ್ತರ ಬರಲಿಲ್ಲವೆಂದು ಇನ್ನೊಂದು ಅರ್ಜಿ, ಅದಕ್ಕೆ ಇನ್ನೊಂದು ನಂಬರು. ಮೇಲಿನ ಆಫೀಸಿಗೆ ಫೋನು ಹಚ್ಚಿದರೆ ವಾದ್ಯ ಕೇಳಿಸಿ ಕೇಳಿಸಿ ಅದೇ ನಿಂತುಹೋಗುತ್ತಿತ್ತು. ಅಕ್ಕ ಬೈಯುತ್ತಿರಲಿಲ್ಲ, ಅದೇ ಕಷ್ಟ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗಬಹುದಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗುಂಡಿಗೆ ಕಾಜಾ ಹಾಕುವ ಕೆಲಸವನ್ನು ಮಡಿಲಲ್ಲಿ ಇಟ್ಟುಕೊಂಡು, ಸರದಿಯಲ್ಲಿರುವವರೆಲ್ಲ ಹೋಗುವವರೆಗೆ ಕಾಯುತ್ತಿದ್ದರು. ಒಂದು ದಿನ ರಸೀದಿಯ ಬೆನ್ನಲ್ಲಿದ್ದ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ನನ್ನಿಂದ ಓದಿಸಿದರು. ಕಳೆದರೆ ಕಂಪನಿ ಇಷ್ಟೇ ಕೊಡುವುದು, ತಡವಾದರೆ ಜವಾಬ್ದಾರಿ ಇಲ್ಲ, ಒಡೆದರೆ ಇಲ್ಲ. ಎಲ್ಲ ಕೇಳಿದ ಮೇಲೆ, ಹಿಂದೆ ಬರೆದಿರುವುದನ್ನು ನೀವು ಮುಂದೆ ಯಾಕೆ ಬರೆಯುವುದಿಲ್ಲ ಎಂದಷ್ಟೇ ಕೇಳಿದರು.

ನಾಲ್ಕನೇ ತಿಂಗಳು ಕಂಪನಿಯಿಂದ ಕಾಗದ ಬಂತು. ಪಾರ್ಸೆಲ್ ಕಳೆದುಹೋಗಿರುವ ಸಾಧ್ಯತೆ ಇದೆ, ಸದ್ಭಾವನೆಯಿಂದ ನೂರು ರೂಪಾಯಿ ಕೊಡಲಾಗುವುದು, ಇಲ್ಲಿಗೆ ವಿಷಯ ಮುಗಿಯಿತು ಎಂದು ಗ್ರಾಹಕರು ಸಹಿ ಮಾಡತಕ್ಕದ್ದು. ನನಗೆ ಪೀಡೆ ತೊಲಗಿದಷ್ಟು ಸಂತೋಷ. ಪೆನ್ನು ಮುಂದೆ ಚಾಚಿದೆ.

“ಕಳೆದುಹೋಗೋಕೆ ಅದಕ್ಕೇನು ಕಾಲಿತ್ತಾ ಮೇಡಂ?” ಎಂದರು ಅಕ್ಕ. “ಕಳೆದೋರು ಯಾರು ಅಂತ ಬರೀರಿ. ದುಡ್ಡು ನೀವೇ ಇಟ್ಕೊಳ್ಳಿ.”

ನನಗೆ ರೇಗಿತು. ಮಾವಿನ ಸೀಸನ್ನು, ಕೌಂಟರಿನ ತುಂಬ ಹಣ್ಣಿನ ಪೆಟ್ಟಿಗೆ, ಬೆಳಗ್ಗೆಯಿಂದ ನೀರು ಕುಡಿಯಲೂ ಬಿಡುವಿಲ್ಲ. ನಾಲ್ಕು ಬ್ಲೌಸಿಗೆ ಇಷ್ಟು ಓಡಾಡುವ ಬದಲು ಬೇರೆ ನಾಲ್ಕು ಹೊಲಿದು ಕೊಡಬಾರದೇ ಎಂದುಬಿಟ್ಟೆ. ಅವರು ಕಾಜಾದ ದಾರವನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿ, ಸರದಿಯಲ್ಲಿದ್ದ ಕೊನೆಯವರು ಹೋಗುವವರೆಗೆ ಕಾದರು. ಆಮೇಲೆ ಗಾಜಿನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಹೇಳಿದರು.

ಆ ಗೆಳತಿಗೆ ಆಪರೇಷನ್ ಆಗಿ ಎದೆಯ ಎಡಭಾಗ ತೆಗೆದಿದ್ದರು. ಬೇರೆ ಟೈಲರಿನ ಮುಂದೆ ನಿಲ್ಲಲು ಆಕೆ ಒಲ್ಲಳು. ಅಕ್ಕನೇ ಒಳಗೆ ಹತ್ತಿಯ ಮೆತ್ತೆ ಇಟ್ಟು, ಬಿಚ್ಚಿ, ಮತ್ತೆ ಹೊಲಿದು, ಎರಡೂ ಕಡೆ ಸಮನಾಗಿ ಕಾಣುವ ಒಂದು ರವಿಕೆ ಮಾಡಿಕೊಟ್ಟಿದ್ದರು. ಅದನ್ನು ತೊಟ್ಟ ಮೇಲೆಯೇ ಆಕೆ ನಾಲ್ಕು ಜನರ ನಡುವೆ ಹೋಗತೊಡಗಿದ್ದು. ಪಾರ್ಸೆಲ್‌ನಲ್ಲಿದ್ದ ಅಳತೆ ರವಿಕೆ ಅದೇ.

“ನಾನು ಹೊಲೀಲೇ ಇಲ್ಲ ಅಂದ್ಕೊಂಡಿದಾಳೆ. ಅಂಥ ಮೈಗೆ ಹೊಲಿಯೋಕೆ ಅಸಹ್ಯ ಪಟ್ಕೊಂಡು ಕೊರಿಯರ್ ಕಥೆ ಕಟ್ಟಿದೀನಿ ಅಂತ. ಬಸ್ಸು ಹತ್ತಿ ಹೋದೆ, ಬಾಗಿಲಲ್ಲೇ ನಿಲ್ಲಿಸಿದಳು. ನಿಮ್ಮ ರಸೀದಿ ತೋರಿಸಿದ್ರೆ, ತಲುಪಿದೆ ಅಂತ ಕಂಪನಿಯೋರು ಹೇಳ್ತಾರಲ್ಲ, ಹಂಗಾದ್ರೆ ನಾನು ಸುಳ್ಳಿಯಾ ಅಂದಳು. ಒಂದೇ ಬೆಂಚಲ್ಲಿ ಕೂತು ಓದಿದೋರು ಮೇಡಂ ನಾವು.”

ನಾನು ಚಾಚಿದ ಪೆನ್ನನ್ನು ಹಿಂದೆ ತೆಗೆದುಕೊಂಡೆ. ಅಷ್ಟು ದಿನ ನಾನು ಅವರ ಮುಖವನ್ನೇ ನೋಡಿರಲಿಲ್ಲ, ಉಗುರನ್ನು ನೋಡಿಕೊಂಡಿದ್ದೆ. ನಾಚಿಕೆಯಾಯಿತು.

ಅಂದೇ, ರಾಯಲ್ಪಾಡಿಗೆ ಪಾರ್ಸೆಲ್ ಹಂಚುವ ಶ್ರೀನಿವಾಸಪುರದ ಬ್ರಾಂಚಿಗೆ ಫೋನು ಮಾಡಿ, ಪಾರ್ಸೆಲ್ ತಲುಪಿಸಿದಾಗ ಸಹಿ ತೆಗೆದುಕೊಳ್ಳುವ ಹಾಳೆಯ ನಕಲು ಕೇಳಿದೆ. ಸಿಗುವುದಿಲ್ಲ ಎಂದರು, ಹುಡುಕುತ್ತೇವೆ ಎಂದರು, ಹುಡುಕುವವರು ರಜದಲ್ಲಿದ್ದಾರೆ ಎಂದರು. ಈಗ ಅಕ್ಕನ ಕುರ್ಚಿಯಲ್ಲಿ ನಾನೇ ಕೂತ ಹಾಗಾಯಿತು. ಸಾಕಪ್ಪಾ ಎಂದು ಒಮ್ಮೆ ಅವರ ಮುಂದೆಯೇ ಅಂದೆ. “ಬಿಚ್ಚೋಕೆ ಬೇಜಾರು ಪಡೋರು ಹೊಲಿಯೋಕೆ ಕೂರಬಾರ್ದು” ಎಂದರು. ಅವರ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು ಅದು.

ಏಳನೇ ತಿಂಗಳಲ್ಲಿ ನಕಲು ಬಂತು. ಗೆಳತಿಯ ಹೆಸರಿನ ಮುಂದೆ ಸಹಿ ಇತ್ತು. ಎರಡಕ್ಷರದ ಹೆಸರು, ದುಂಡಗೆ ಬರೆದದ್ದು. ಹಾಗಾದರೆ ಆಕೆಯೇ ಸುಳ್ಳು ಹೇಳಿದಳೇ ಎಂದುಕೊಂಡೆ. ಅಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು, ಹೊಲಿಗೆ ನೋಡುವ ಹಾಗೆ ಕಣ್ಣು ಕಿರಿದು ಮಾಡಿ ನೋಡಿದರು.

“ಇದು ಅವಳ ಕೈಯಲ್ಲ. ಅವಳು ಸಹಿ ಹಾಕೋದು ತೆಲುಗಲ್ಲಿ. ಈ ಎರಡಕ್ಷರ ತೆಲುಗಲ್ಲೂ ಕನ್ನಡದಲ್ಲೂ ಒಂದೇ ಥರ ಕಾಣತ್ತೆ, ತಲಕಟ್ಟು ಮಾತ್ರ ಬೇರೆ. ನಮ್ಮದು ಮೇಷ್ಟ್ರು ಸರಿ ಅಂತ ಗುರುತು ಹಾಕ್ತಾರಲ್ಲ, ಹಂಗಿರತ್ತೆ. ಇಲ್ಲಿ ನೋಡಿ, ಅಡ್ಡಗೆರೆ ಎಳೆದಿದಾನೆ.”

ಸೀಳು ಉಗುರು ಅಕ್ಷರದ ನೆತ್ತಿಯ ಮೇಲೆ ನಿಂತಿತ್ತು. ಕನ್ನಡದ ತಲೆಕಟ್ಟು, ನೆಟ್ಟಗೆ, ಸ್ಪಷ್ಟವಾಗಿ. ರಾಯಲ್ಪಾಡಿನವರೆಗೆ ಹೋಗಲು ಬೇಸರಪಟ್ಟ ಯಾರೋ ಕೂತಲ್ಲೇ ಆಕೆಯ ಹೆಸರನ್ನು ಬರೆದುಹಾಕಿದ್ದರು. ಅದರ ಕೆಳಗೆ ಬೇರೆ ಹೆಸರುಗಳ ಮುಂದಿದ್ದ ಇನ್ನೂ ಮೂರು ಸಹಿ ಅದೇ ಕೈಯವು. ಪಾರ್ಸೆಲ್ ಎಲ್ಲಿ ಹೋಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಮೇಲಿನ ಆಫೀಸಿಗೆ ತಿಳಿಸಿ ಅಪ್ಪಣೆಗೆ ಕಾಯಬೇಕಿತ್ತು. ಕಾಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಕಂಪನಿಯ ಹೆಸರಿದ್ದ ಹಾಳೆ ತೆಗೆದು ಬರೆದೆ: ‘ಇವರು ಹೊಲಿದ ನಾಲ್ಕು ರವಿಕೆ ಮತ್ತು ಒಂದು ಅಳತೆ ರವಿಕೆ ನಮ್ಮ ಕೈಗೆ ಬಂದದ್ದು ನಿಜ. ನಾವು ತಲುಪಿಸಲಿಲ್ಲ. ಕಳೆದವರು ನಾವು.’ ಕೆಳಗೆ ನನ್ನ ಸಹಿ, ಮೇಲೊಂದು ಸೀಲು. ಅಕ್ಕ ಅದನ್ನು ನಾಲ್ಕಾಗಿ ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಂಡರು. ನೂರು ರೂಪಾಯಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಮುಂದಿನ ಮಂಗಳವಾರ ಅವರು ಬರಲಿಲ್ಲ. ಕುರ್ಚಿ ಖಾಲಿ ಇದ್ದದ್ದು ನೋಡಿ ನನಗೆ ಹೇಗೇಗೋ ಆಯಿತು. ಎರಡು ವಾರದ ಮೇಲೆ, ಅದೂ ಶುಕ್ರವಾರ, ಗಾಜಿನ ಮೇಲೆ ಎರಡು ಸಲ ಸದ್ದಾಯಿತು.

“ತಲ್ಲೀ, ಒಂದು ಪಾರ್ಸೆಲ್ ಇದೆ. ರಾಯಲ್ಪಾಡಿಗೆ.”

ಗೆಳತಿ ಕಾಗದವನ್ನು ಎರಡು ಸಲ ಓದಿಸಿಕೊಂಡಳಂತೆ. ಆಮೇಲೆ ಬಾಗಿಲು ಹಾಕಿಕೊಂಡು ಟೇಪು ಹಿಡಿದು ಹೊಸದಾಗಿ ಅಳತೆ ತೆಗೆದರಂತೆ, ಇಬ್ಬರೂ ಅತ್ತರಂತೆ. ಇಷ್ಟಾದ ಮೇಲೂ ನಮ್ಮ ಕಂಪನಿಗೇ ಯಾಕೆ ತಂದಿರಿ ಎಂದು ಕೇಳಿದೆ. “ಕಳೆದ್ವಿ ಅಂತ ಬರೆದುಕೊಟ್ಟೋರು ನೀವೊಬ್ರೇ ತಾನೇ” ಎಂದರು.

ಆ ಪಾರ್ಸೆಲ್ ಸರಿಯಾಗಿ ತಲುಪಿತು. ಆದರೆ ನಾನು ಬರೆದುಕೊಟ್ಟ ಕಾಗದದ ಸುದ್ದಿಯೂ ಅಷ್ಟೇ ಸರಿಯಾಗಿ ಮೇಲಿನ ಆಫೀಸಿಗೆ ತಲುಪಿತ್ತು. ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ತೆಗೆದರು. ಕೇಳಿದ ದಿನವೇ ಅಕ್ಕ ನನ್ನನ್ನು ಕರೆದೊಯ್ದು, ತಮ್ಮ ಎರಡನೇ ಮೆಷಿನ್ನಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಕೆಳಗಿಳಿಸಿ, ಕೂತ್ಕೋ ಎಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಮೂರು ವರ್ಷ ಅವರ ಪಕ್ಕ ಕೂತು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಹೋದ ವರ್ಷ ಅಕ್ಕ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ. ಹದಿನೈದು ದಿನದ ಮೇಲೆ ರಾಯಲ್ಪಾಡಿನ ಆ ಗೆಳತಿ ಮಾಲೂರಿಗೆ ಬಂದು, ಒಂದು ಅಳತೆ ರವಿಕೆಯನ್ನೂ ಎರಡು ತುಂಡು ಬಟ್ಟೆಯನ್ನೂ ನನ್ನ ಮುಂದಿಟ್ಟು ಹೋದಳು. ಐದು ಸಲ ಬಿಚ್ಚಿ ಹೊಲಿದೆ. ಕೊರಿಯರಿಗೆ ಹಾಕಲು ಮನಸ್ಸಾಗದೆ ಕೋಲಾರ, ಶ್ರೀನಿವಾಸಪುರ ಎಂದು ಬಸ್ಸು ಬದಲಾಯಿಸಿ ನಾನೇ ಒಯ್ದೆ. ಆಕೆ ಒಳಗೆ ಹೋಗಿ ತೊಟ್ಟು ಬಂದು ಬೆಳಕಿನಲ್ಲಿ ನಿಂತಳು. “ಎಡಗಡೆ ಅವಳು ಹೊಲೀತಿದ್ದ ಹಂಗೆ ಬಂದಿಲ್ಲ” ಎಂದಳು. ಬಂದಿರಲಿಲ್ಲ, ನನಗೂ ಗೊತ್ತು. “ಬರತ್ತೆ ಬಿಡು” ಎಂದಳು ಆಮೇಲೆ.

ಹಳೆಯ ಕೌಂಟರಿನ ಚಾಳಿ, ಚೀಲದಿಂದ ಒಂದು ಚೀಟಿ ತೆಗೆದು, ತಲುಪಿದೆ ಎಂದು ಬರೆದು ಮುಂದೆ ಹಿಡಿದೆ. ಆಕೆ ನಕ್ಕು ಸಹಿ ಹಾಕಿದಳು. ತೆಲುಗಿನ ಎರಡಕ್ಷರ, ಎರಡರ ನೆತ್ತಿಯ ಮೇಲೂ ಸರಿ ಎಂಬ ಗುರುತು. ಆ ಚೀಟಿ ಅಕ್ಕನ ಮೆಷಿನ್ನಿನ ಡ್ರಾಯರಿನಲ್ಲಿದೆ. ಏಳು ತಿಂಗಳು ಅವರು ನನ್ನ ಗಾಜು ತಟ್ಟಿ ಕೇಳುತ್ತಿದ್ದದ್ದು ಇದನ್ನೇ.