ಒಂದಕ್ಷರದ ತಿದ್ದುಪಡಿ

ಜಮೀನಿನ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದ ಹೊಸತರಲ್ಲಿ ತಿಪಟೂರು ಸೀಮೆಯಲ್ಲಿ ಹೆಸರು ತಪ್ಪದ ರೈತನೇ ಇರಲಿಲ್ಲ. ಅಪ್ಪನ ಹೆಸರಿಗೆ ಒಂದು ಕೊಂಬು ಹೆಚ್ಚಾಗಿ ತೋಟ ಬೇರೆಯವರದಾಗುತ್ತಿತ್ತು. ಎಲ್ಲರೂ ತಾಲ್ಲೂಕು ಕಚೇರಿಯ ಮುಂದೆ ತಿದ್ದುಪಡಿ ಅರ್ಜಿ ಹಿಡಿದು ನಿಂತಿರುತ್ತಿದ್ದರು.

ನನ್ನದೂ ಕಂಪ್ಯೂಟರಿನ ಕೆಲಸವೇ. ಕ್ಯಾನ್ಸರಿಗೆ ಸಂಬಂಧಿಸಿದ ಜೀನುಗಳ ಬರಹದಲ್ಲಿ ಕಾಣುವ ಅಕ್ಷರ ವ್ಯತ್ಯಾಸಗಳನ್ನು ದೇಶದೇಶಗಳ ವೈದ್ಯರು ನೋಡುವ ಸಾರ್ವಜನಿಕ ಪಟ್ಟಿಯೊಂದರಲ್ಲಿ ದಾಖಲಿಸಿ, ಒಂದೊಂದರ ಮುಂದೆಯೂ 'ಅಪಾಯ', 'ನಿರಪಾಯ' ಅಥವಾ 'ಗೊತ್ತಿಲ್ಲ' ಎಂದು ನಮೂದಿಸುವುದು. ಮನೆಯ ಫೋನ್ ತಂತಿಯಲ್ಲೇ ಇಂಟರ್ನೆಟ್. ನಾನು ಕೆಲಸಕ್ಕೆ ಕೂತರೆ ಯಾರ ಫೋನೂ ಬರುತ್ತಿರಲಿಲ್ಲ. ಹಾಗಾಗಿ ದೊಡ್ಡಮ್ಮ ಶೆಟ್ಟಿಕೆರೆಯಿಂದ ಖುದ್ದಾಗಿ ಬಸ್ಸು ಹತ್ತಿ ಬಂದಳು, ಚೀಲದ ತುಂಬ ಉಂಡೆ ಕೊಬ್ಬರಿ ಹೊತ್ತು.

ಅವಳ ಮಗಳು, ನನ್ನ ಅಕ್ಕ, ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದ್ದಳು. ರಕ್ತಪರೀಕ್ಷೆಯಲ್ಲಿ ಅವಳ ಜೀನೊಂದರ ಒಂದಕ್ಷರ ಬದಲಾಗಿದೆ ಎಂದು ಬಂದಿತ್ತು. ನನ್ನ ಪಟ್ಟಿಯಲ್ಲಿ ಅದರ ಮುಂದಿದ್ದುದು 'ಗೊತ್ತಿಲ್ಲ'. ಇಬ್ಬರು ಹೆಣ್ಣುಮಕ್ಕಳಿಗೂ ಅದು ಹೋಗಿದೆಯೇನೋ ಎಂಬ ಚಿಂತೆಯಲ್ಲಿ ಅಕ್ಕ ಊಟ ಬಿಟ್ಟಿದ್ದಳು.

"ಒಂದಕ್ಷರ ತಾನೇ? ತಿದ್ಬುಡೇ," ಎಂದಳು ದೊಡ್ಡಮ್ಮ.

"ಪಟ್ಟೀಲಿ ತಿದ್ದಿದ್ರೆ ಅಕ್ಕನ ಮೈಯಾಗೆ ತಿದ್ದಿದಂಗಾಯ್ತದಾ ದೊಡ್ಡಮ್ಮ?"

"ಪಾಣೀಲಿ ತಿದ್ದಿದ್ರೆ ತೋಟ ನಮ್ದಾಗಲ್ವಾ?"

ಅದೇ ಅಕ್ಷರವಿರುವ ಬೇರೆ ಮನೆತನಗಳಲ್ಲಿ ಕ್ಯಾನ್ಸರು ಬಂದಿದೆಯೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಬರಬೇಕು, ಅಲ್ಲಿಯವರೆಗೆ ಕಾಯಬೇಕು ಎಂದೆ.

"ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಕಣೇ," ಎಂದು ಗೊಣಗಿ, ಕೊಬ್ಬರಿ ಚೀಲವನ್ನೂ ಎತ್ತಿಕೊಂಡು ಹೊರಟೇಬಿಟ್ಟಳು. ಮಿಠಾಯಿ ಮಾಡೋಣ ಎಂದುಕೊಂಡಿದ್ದ ನನಗೆ ಸಿಟ್ಟೇ ಬಂತು.

ನಿಜ ಹೇಳಬೇಕೆಂದರೆ ಅವತ್ತು ನನ್ನ ಕೈ ತುರಿಸಿತು. 'ಗೊತ್ತಿಲ್ಲ' ಅಳಿಸಿ 'ನಿರಪಾಯ' ಎಂದು ಹಾಕುವುದು ಮೂರು ಕ್ಲಿಕ್ಕಿನ ಕೆಲಸ. ಆದರೆ ಅದೇ ಅಕ್ಷರ ಹೊತ್ತ ಇನ್ಯಾವುದೋ ದೇಶದ ಹೆಂಗಸು ನನ್ನ ಸುಳ್ಳು ನಂಬಿ ನೆಮ್ಮದಿಯಾಗಿ ಇದ್ದುಬಿಟ್ಟರೆ? ಹೆದರಿ ಸುಮ್ಮನಾದೆ.

ಎರಡು ವರ್ಷವಾದ ಮೇಲೆ ಸಾಕ್ಷಿ ಬಂತು. ಅದೇ ಅಕ್ಷರವಿದ್ದ ಎಷ್ಟೋ ಮುದುಕಿಯರು ದೇಶದೇಶಗಳಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರು. ತಜ್ಞರು ಒಪ್ಪಿದರು. 'ನಿರಪಾಯ' ಎಂದು ಬರೆದವಳೇ ಶೆಟ್ಟಿಕೆರೆಗೆ ಹೊರಟೆ.

ವಿಷಯ ಕೇಳಿದ್ದೇ ದೊಡ್ಡಮ್ಮ ಬೀದಿಗೆ ಬಂದು, "ನಮ್ ಹುಡ್ಗಿ ಅಕ್ಷರ ತಿದ್ಬುಟ್ಲು ಕಣ್ರೇ!" ಎಂದು ಸಾರಿದಳು. ಗಳಿಗೆಯೊಳಗೆ ಪಕ್ಕದ ಮನೆಯಾಕೆ ತನ್ನ ಸಕ್ಕರೆ ಕಾಯಿಲೆಯ ಚೀಟಿ ತಂದಳು. ಎದುರು ಮನೆಯಾಕೆ ಮಗನ ಜಾತಕವನ್ನೇ ತಂದಳು.

ಅಕ್ಕ ನಕ್ಕೂ ನಕ್ಕೂ ಸಾಕಾದಳು. ಮಕ್ಕಳಿಬ್ಬರನ್ನೂ ಎಳೆದು ತಬ್ಬಿಕೊಂಡಳು. ಆಮೇಲೆ ನನ್ನ ಕೈಗೆ ಕಾಫಿ ಲೋಟ ಕೊಡುತ್ತ ಮೆಲ್ಲಗೆ ಕೇಳಿದಳು:

"ಹಂಗಾದ್ರೆ ಈ ಕಾಯ್ಲೆ ನಂಗ್ಯಾಕೆ ಬಂತೇ?"

ಕಾಫಿ ಬಿಸಿಯಿತ್ತು. ಅದನ್ನು ಊದುತ್ತಲೇ ಕೂತೆ.