ಕೋಲಣ್ಣ ತುಂಬಿಸಿದ ಕೊಳ

ಕೋಲಣ್ಣನವರ ನಿವೃತ್ತಿಯ ದಿನ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ಅವರ ಬಗ್ಗೆ ನಾಲ್ಕು ಮಾತಾಡಿ" ಅಂದರು. ಆಡಿದೆ. ಅವರ ಜೊತೆ ಬಿಸಿಲಲ್ಲಿ ಹೆಚ್ಚು ಬೆಂದವಳು ನಾನೇ, ಇನ್ಯಾರು ಆಡಬೇಕು? ಹೊತ್ತಿಗೆ ಸರಿಯಾಗಿ ಬರುತ್ತಿದ್ದರು ಅಂದೆ, ಯಾರಿಗೂ ಎದುರಾಡಿದವರಲ್ಲ ಅಂದೆ, ನಮ್ಮನ್ನೆಲ್ಲ ನಗಿಸುತ್ತಿದ್ದರು ಅಂದೆ. ಎಲ್ಲವೂ ನಿಜ. ಆದರೆ ಆಡಲೇಬೇಕಾದ ಮಾತು ಒಂದಿತ್ತು. ಅದೊಂದನ್ನು ಬಿಟ್ಟು ಕೂತುಕೊಂಡೆ. ಈಗ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ, ಊರೆಲ್ಲ ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಕೋಲಣ್ಣ ಎಂಬುದು ಆಫೀಸು ಇಟ್ಟ ಹೆಸರು. ಅಳತೆ ತಂಡದಲ್ಲಿ ಅವರ ಕೆಲಸ ಕೋಲು ಹಿಡಿಯುವುದು. ನೆಲದ ಏರುತಗ್ಗು ಅಳೆಯುವಾಗ ನಾನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿರುವ ದುರ್ಬೀನಿಗೆ ಕಣ್ಣಿಟ್ಟು ನಿಲ್ಲುತ್ತಿದ್ದೆ. ಅವರು ಅಂಕಿ ಬರೆದ ನಾಲ್ಕು ಮೀಟರಿನ ಕೋಲನ್ನು ನಾನು ಕೈ ತೋರಿಸಿದ ಕಡೆಯೆಲ್ಲ ಹೊತ್ತೊಯ್ದು ನೆಟ್ಟಗೆ ನಿಲ್ಲಿಸುತ್ತಿದ್ದರು. ನಾನು ನಿಲ್ಲುವ ಜಾಗಕ್ಕೆ ಹೆಚ್ಚಾಗಿ ನೆರಳಿರುತ್ತಿತ್ತು, ಅವರು ನಿಲ್ಲುವ ಜಾಗಕ್ಕೆ ಮುಳ್ಳು. ಓದಿ ಮುಗಿಸಿ ನಾನು ಕೈ ಎತ್ತುವವರೆಗೆ ಅವರು ಅಲುಗುತ್ತಿರಲಿಲ್ಲ. ಒಮ್ಮೆ ಇರುವೆ ಗೂಡಿನ ಮೇಲೆ ನಿಂತು, ಮೊಣಕಾಲಿನವರೆಗೆ ಕಚ್ಚಿಸಿಕೊಂಡೂ ಕೋಲು ಬಾಗಿಸದೆ ಇದ್ದವರು. "ಯಾಕೆ ಹೇಳ್ಲಿಲ್ಲ?" ಅಂತ ಬೈದರೆ, "ನಾನು ಕುಣಿದ್ರೆ ನಿಮ್ಮ ಅಂಕಿನೂ ಕುಣಿಯುತ್ತಲ್ಲ ಮೇಡಂ" ಅಂದಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಕೋಲು ಹತ್ತಿರವಿದ್ದಾಗ ದುರ್ಬೀನಿನಲ್ಲಿ ಅದರ ಒಂದು ಗೇಣು ಮಾತ್ರ ಕಾಣುತ್ತದೆ. ಸೆಂಟಿಮೀಟರ್ ಕಾಣುತ್ತದೆ, ಅದು ಎಷ್ಟನೇ ಮೀಟರು ಎಂಬ ಕೆಂಪು ಅಂಕಿ ಕಾಣುವುದಿಲ್ಲ. ಆಗ ಕೋಲನ್ನು ಸ್ವಲ್ಪ ಮೇಲೆತ್ತಿದರೆ ಕೆಂಪು ಅಂಕಿ ಕಣ್ಣಿಗೆ ಬೀಳುತ್ತದೆ. ಬೇರೆಯವರಿಗೆ ಕೂಗಿ ಹೇಳಬೇಕು. ಕೋಲಣ್ಣ ತಾವೇ ಕೇಳುತ್ತಿದ್ದರು, "ಮೇಡಂ, ಒಂದ್ಸಲ ಎತ್ತಿ ತೋರಿಸ್ಲಾ?" ದಿನಕ್ಕೆ ನೂರು ಸಲ ಆ ಪ್ರಶ್ನೆ. ಅದು ನನಗೆ ಹಲ್ಲುನೋವಿನಂತಾಗಿತ್ತು.

ನಮ್ಮ ಕೆಲಸದಲ್ಲಿ ಇನ್ನೊಂದು ಕಟ್ಟಳೆಯಿದೆ. ಬೆಳಿಗ್ಗೆ ಯಾವ ಕಲ್ಲಿನಿಂದ ಅಳತೆ ಶುರು ಮಾಡಿರುತ್ತೇವೋ, ಸಂಜೆ ಅದೇ ಕಲ್ಲಿಗೆ ಬಂದು ಕೋಲಿಡಬೇಕು. ಬೆಳಗಿನ ಎತ್ತರವೇ ಮತ್ತೆ ಬಂದರೆ ದಿನದ ಕೆಲಸ ಸರಿ. ಬರದಿದ್ದರೆ ನಡುವೆ ಎಲ್ಲೋ ಮುಗ್ಗರಿಸಿದ್ದೇವೆ ಎಂದರ್ಥ. ಕಲ್ಲಿಗೆ ವಾಪಸ್ ಬರದವನ ಅಳತೆ ಪುಸ್ತಕವನ್ನು ಯಾರೂ ನಂಬಬಾರದು ಅಂತ ನನಗೆ ಪಾಠ ಹೇಳಿದವರೇ ಹೇಳಿದ್ದರು.

ಊರಂಚಿನ ಹದಿನಾಲ್ಕು ಎಕರೆಗೆ ಪಾರ್ಕು ಮಾಡುವ ಕೆಲಸ ಬಂದಾಗ ನನಗೆ ನಲವತ್ತೊಂದು. ಯಾರೂ ಏನೂ ಕಟ್ಟದೆ ಬಿಟ್ಟಿದ್ದ ಜಾಗ ಅದು. ತುಂಬ ಪೊದೆ, ಪಶ್ಚಿಮಕ್ಕೆ ನಾಲ್ಕು ದೊಡ್ಡ ಮರ, ಪೂರ್ವದ ಮೂಲೆಯಲ್ಲಿ ಒಂದಿಷ್ಟು ಜೊಂಡು. ಒಂದು ಮರವನ್ನೂ ಕಡಿಯಬಾರದು, ಸಿಮೆಂಟು ಸುರಿಯಬಾರದು, ಹೊರಗಿನಿಂದ ಒಂದು ಹನಿ ನೀರೂ ತರಬಾರದು ಎಂದು ನಾನೇ ಹಟ ಹಿಡಿದೆ. ಬಿದ್ದ ಮಳೆಯೆಲ್ಲ ಇಳಿದು ಒಂದು ಕೊಳಕ್ಕೆ ಬರಬೇಕು, ಆ ಕೊಳ ವರ್ಷವಿಡೀ ಗಿಡಗಳನ್ನು ಸಾಕಬೇಕು. ಕೊಳವನ್ನು ಆ ನಾಲ್ಕು ಮರಗಳ ಕೆಳಗೆ ಬರೆದೆ. ಚಿತ್ರ ಎಷ್ಟು ಚೆಂದ ಬಂದಿತೆಂದರೆ ನಮ್ಮ ಆಫೀಸಿನ ಸಾಹೇಬರು ಅದಕ್ಕೆ ಫ್ರೇಮು ಹಾಕಿಸಿದರು. ಆಗಿನ್ನೂ ನೆಲ ಅಳೆದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದರೆ ಇದೇ.

ಅಳತೆಯ ಕೊನೆಯ ದಿನ. ಮರುದಿನ ಬೆಳಿಗ್ಗೆ ನಕ್ಷೆ ಸಾಹೇಬರ ಮೇಜಿನ ಮೇಲಿರಬೇಕಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಕೋಲಣ್ಣ ಅಂದರು, "ಮೇಡಂ, ನೀರು ನಿಲ್ಲೋದು ಆ ಮರದ ಹತ್ರ ಅಲ್ಲ ಅನ್ಸುತ್ತೆ. ಜೊಂಡು ಇರೋದು ಈ ಕಡೆ ಮೂಲೇಲಿ."

"ಜೊಂಡನ್ನ ಕೇಳಿ ನಕ್ಷೆ ಮಾಡೋಕಾಗುತ್ತಾ?" ಅಂದೆ. ಅವರು ನಕ್ಕು ಡಬ್ಬಿ ಮುಚ್ಚಿದರು.

ಮೂರು ಗಂಟೆಯ ಹೊತ್ತಿಗೆ ಜಾಗದ ನಡುವಿನಿಂದ ಸ್ಟ್ಯಾಂಡನ್ನು ಎತ್ತಿ ಪಶ್ಚಿಮದ ಕಡೆಗೆ ಬದಲಿಸಬೇಕಾಯಿತು. ಹಾಗೆ ಬದಲಿಸುವ ಮುಂಚೆ ಒಂದು ಕಲ್ಲಿನ ಮೇಲೆ ಕೋಲಿಟ್ಟು ಓದಿಕೊಳ್ಳುತ್ತೇವೆ. ಅಲ್ಲಿಂದ ಮುಂದಿನ ಎಲ್ಲ ಎತ್ತರವೂ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಕೋಲು ತೀರ ಹತ್ತಿರವಿತ್ತು, ಮೂವತ್ತೆಂಟು ಎಂಬುದು ಕಂಡಿತು, ಕೆಂಪು ಅಂಕಿ ಕಾಣಲಿಲ್ಲ.

"ಒಂದ್ಸಲ ಎತ್ತಿ ತೋರಿಸ್ಲಾ ಮೇಡಂ?"

"ಬೇಡ! ಕೋಲು ಹಿಡಿಯೋದು ನಿಮ್ಮ ಕೆಲಸ, ಓದೋದು ನನ್ನ ಕೆಲಸ. ನಡೀರಿ ಮುಂದೆ."

ಎರಡು ಮೀಟರ್ ಮೂವತ್ತೆಂಟು ಎಂದು ಬರೆದೆ. ಅದು ಒಂದು ಮೀಟರ್ ಮೂವತ್ತೆಂಟಾಗಿತ್ತು. ಆ ಒಂದು ಗೆರೆಯಿಂದ ಪಶ್ಚಿಮದ ಅರ್ಧ ಜಾಗ ನನ್ನ ಪುಸ್ತಕದಲ್ಲಿ ಒಂದು ಮೀಟರ್ ಕೆಳಗಿಳಿಯಿತು. ಅಲ್ಲೇ ನನಗೆ ಕೊಳ ಬೇಕಿತ್ತು. ನಿಜವಾದ ಅಂಕಿ ಬಂದಿದ್ದರೆ ಬಹುಶಃ ಎರಡು ಸಲ ನೋಡುತ್ತಿದ್ದೆ, ಬೇಕಾದದ್ದು ಬಂತು, ನೋಡಲಿಲ್ಲ.

ಇಷ್ಟೇ ಆಗಿದ್ದರೆ ಅದನ್ನು ತಪ್ಪು ಅನ್ನಬಹುದಿತ್ತು. ತಪ್ಪು ಯಾರಿಗೂ ಆಗುತ್ತದೆ. ಸಂಜೆ ಹೊರಟ ಕಲ್ಲಿಗೆ ವಾಪಸ್ ಹೋಗಬೇಕಿತ್ತು. ಹೋಗಿದ್ದರೆ ಒಂದು ಮೀಟರಿನ ವ್ಯತ್ಯಾಸ ಅಲ್ಲೇ ಮುಖಕ್ಕೆ ಹೊಡೆಯುತ್ತಿತ್ತು. ನನಗೆ ಕಾಲು ನೋಯುತ್ತಿತ್ತು. ಕೋಲಣ್ಣ ಕೋಲು ಹೆಗಲಿಗೇರಿಸಿ ಆ ಕಡೆ ಹೊರಟಿದ್ದರು. "ಸಾಕು ಬನ್ನಿ, ಜೀಪು ಕಾಯ್ತಿದೆ" ಅಂತ ಕರೆದೆ. ಅವರು ಒಂದು ಗಳಿಗೆ ನಿಂತರು, ಕಲ್ಲಿನ ಕಡೆ ನೋಡಿದರು, ಬಂದರು. ಜೀಪಿನಲ್ಲಿ ಕೂತು, ಓದದ ಅಂಕಿಯನ್ನು ನಾನು ಪುಸ್ತಕದಲ್ಲಿ ಬರೆದೆ. ನಂಬಿಕೆ ಬರಲಿ ಎಂದು ಎರಡು ಮಿಲಿಮೀಟರ್ ವ್ಯತ್ಯಾಸವನ್ನೂ ಸೇರಿಸಿದೆ. ಅವರು ಪಕ್ಕದಲ್ಲೇ ಇದ್ದರು. ಕಿಟಕಿಯ ಹೊರಗೆ ನೋಡುತ್ತಿದ್ದರು.

ಪಾರ್ಕು ಆಯಿತು, ಮಳೆ ಬಂತು. ಪತ್ರಿಕೆಯಲ್ಲಿ ಎರಡು ಫೋಟೋ ಅಕ್ಕಪಕ್ಕ ಬಂದವು. ಒಂದರಲ್ಲಿ ನನ್ನ ಕೊಳ, ಅದರ ನಡುವೆ ಬೆಚ್ಚಗೆ ಮಲಗಿದ ನಾಯಿ. ಇನ್ನೊಂದರಲ್ಲಿ ಮಕ್ಕಳ ಆಟದ ಜಾಗ, ಉಯ್ಯಾಲೆಗಳು ಮೊಣಕಾಲುದ್ದ ನೀರಿನಲ್ಲಿ. ಆಟದ ಜಾಗ ಇದ್ದದ್ದು ಪೂರ್ವದ ಮೂಲೆಯಲ್ಲಿ, ಜೊಂಡು ಕಿತ್ತು ಮಟ್ಟ ಮಾಡಿದ ಕಡೆ.

ಸಾಹೇಬರು ಮರು ಅಳತೆ ಮಾಡಿಸಿದರು. ಅರ್ಧ ಜಾಗ ಒಂದು ಮೀಟರ್ ತಪ್ಪಿದೆ ಎಂದು ತಿಳಿಯಿತು. ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಮೇಜಿನ ಮೇಲೆ ನನ್ನ ಪುಸ್ತಕ, ಗೋಡೆಯ ಮೇಲೆ ನನ್ನ ಚಿತ್ರ.

"ಪುಸ್ತಕದ ಪ್ರಕಾರ ಹೊರಟ ಕಲ್ಲಿಗೆ ವಾಪಸ್ ಬಂದು ಸರಿ ಹೋಗಿದೆ," ಅಂದರು ಸಾಹೇಬರು. "ಹಾಗಾದ್ರೆ ಒಂದು ಮೀಟರ್ ಎಲ್ಲಿ ಹೋಯ್ತು? ಏನ್ರೀ ಕೋಲಣ್ಣ, ಆವತ್ತು ಸಂಜೆ ಆ ಕಲ್ಲಿನ ಮೇಲೆ ಕೋಲು ಹಿಡಿದ್ರಾ?"

ಕೋಲಣ್ಣ ನನ್ನ ಕಡೆ ನೋಡಿದರು. ಒಂದೇ ಸಲ. ಓದಿ ಆಯಿತಾ ಅಂತ ಕೇಳುವಾಗ ನೋಡುತ್ತಿದ್ದರಲ್ಲ, ಹಾಗೆ. ನಾನು ಕಣ್ಣು ತಗ್ಗಿಸಿದೆ. ನನ್ನ ಬಳೆಯನ್ನು ತಿರುಗಿಸುತ್ತ ಕೂತೆ.

"ಹಿಡಿದೆ ಸಾರ್," ಅಂದರು ಅವರು. "ಆದ್ರೆ ಕತ್ತಲಾಗ್ತಿತ್ತು. ಪೊದೇಲಿ ಇನ್ನೊಂದು ಕಲ್ಲಿತ್ತು. ನಾನೇ ತಪ್ಪು ಕಲ್ಲಿನ ಮೇಲೆ ಇಟ್ಟಿರ್ಬೇಕು. ಮೇಡಂಗೆ ದೂರದಿಂದ ಹೇಗೆ ಗೊತ್ತಾಗುತ್ತೆ?"

ಆ ಮಾತು ನಿಲ್ಲುವಂಥದಲ್ಲ, ಆ ಇನ್ನೊಂದು ಕಲ್ಲು ಸರಿಯಾಗಿ ಒಂದು ಮೀಟರ್ ಎತ್ತರದಲ್ಲಿ ಇರಬೇಕಾಗುತ್ತಿತ್ತು. ಸಾಹೇಬರೂ ಇಪ್ಪತ್ತು ವರ್ಷ ದುರ್ಬೀನಿಗೆ ಕಣ್ಣಿಟ್ಟವರು, ಅವರಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಫೈಲಿಗೆ ಒಂದು ಹೆಸರು ಬೇಕಿತ್ತು, ಹೆಸರು ತಾನಾಗಿ ನಡೆದು ಬಂದು ಎದುರು ನಿಂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೋಲಣ್ಣನವರನ್ನು ಅಳತೆ ತಂಡದಿಂದ ತೆಗೆದು ಅದೇ ಪಾರ್ಕಿಗೆ ವಾಚ್‌ಮನ್ ಮಾಡಿ ಹಾಕಿದರು. ಹೊರಗೆ ಬಂದಾಗ ವರಾಂಡದಲ್ಲಿ ಅವರು ಹೇಳಿದ್ದು, "ನಿಮ್ದು ಇನ್ನೂ ತುಂಬ ಕೆಲಸ ಇದೆ ಮೇಡಂ. ನನಗೂ ಮಂಡಿ ನೋವು. ಗೇಟಲ್ಲಿ ಕುರ್ಚಿ ಕೊಡ್ತಾರಂತೆ." ನಾನು "ಹೂಂ" ಅಂದೆ. ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಹೇಳಿದರೆ ಒಪ್ಪಿಕೊಂಡಂತೆ ಆಗುತ್ತಿತ್ತು.

ಆಟದ ಜಾಗಕ್ಕೆ ಮಣ್ಣು ತುಂಬಿ, ಚರಂಡಿ ಮಾಡಿ ಸರಿಪಡಿಸಿದರು. ಕೊಳವನ್ನು ಮುಚ್ಚಿಬಿಡೋಣ ಅಂದಾಗ ನಾನು ಬಿಡಲಿಲ್ಲ. "ತಳದಲ್ಲಿ ಹೂಳು ಕೂತ ಮೇಲೆ ನೀರು ನಿಲ್ಲುತ್ತೆ, ಎರಡು ವರ್ಷ ನೋಡೋಣ" ಅಂತ ವಾದಿಸಿದೆ. ನಿಂತಿತು! ಬೇರೆ ಊರಿನವರನ್ನು ಕರೆದುಕೊಂಡು ನಾನು ಹೋದಾಗಲೆಲ್ಲ ಕೊಳದಲ್ಲಿ ನೀರು, ನೀರಿನಲ್ಲಿ ನಾಲ್ಕು ಮರ. ಗೇಟಿನ ಬೋರ್ಡಿನಲ್ಲಿ ನನ್ನದೇ ವಾಕ್ಯ: ಈ ಉದ್ಯಾನಕ್ಕೆ ಹೊರಗಿನ ಒಂದು ಹನಿ ನೀರೂ ಬೇಡ. ಕೊಳ ತಾನೇ ಹೇಗೆ ಸುಧಾರಿಸಿಕೊಂಡಿತು ಎಂದು ಸಭೆಯೊಂದರಲ್ಲಿ ಮುಕ್ಕಾಲು ಗಂಟೆ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡೆ. ನೀರು ಮೇಲಕ್ಕೆ ಹರಿಯುವುದಿಲ್ಲ ಎಂದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಅಷ್ಟೆ.

ಒಂದು ಸಲ, ಬೇರೆ ಊರಿನವರು ನೋಡಲು ಬರುವ ಹಿಂದಿನ ದಿನ, ಅಲ್ಲೇ ಮರೆತುಬಿಟ್ಟಿದ್ದ ಛತ್ರಿಗಾಗಿ ಪಾರ್ಕಿಗೆ ಹೋದೆ. ಬೆಳಗಿನ ಏಳು ಗಂಟೆ. ಗೇಟಿನ ಕುರ್ಚಿ ಖಾಲಿ. ಕುಡಿಯುವ ನೀರಿನ ನಲ್ಲಿಯಿಂದ ಹಸಿರು ಪೈಪೊಂದು ಹುಲ್ಲಿನ ಮೇಲೆ ಹರಿದು ಮರಗಳ ಕಡೆ ಹೋಗಿತ್ತು. ಅದರ ಹಿಂದೆಯೇ ನಡೆದೆ. ಕೊಳದ ದಂಡೆಯಲ್ಲಿ ಕೋಲಣ್ಣ ಪೈಪು ಹಿಡಿದು ನಿಂತಿದ್ದರು. ಕೋಲು ಹಿಡಿದು ನಿಲ್ಲುತ್ತಿದ್ದ ಹಾಗೇ, ನೆಟ್ಟಗೆ, ಅಲುಗದೆ.

"ಇದೇನು ಕೋಲಣ್ಣ?"

ಅವರು ಬೆಚ್ಚಿದರು. ಕದ್ದವರಂತೆ ಬೆಚ್ಚಿದ್ದು ಅವರು, ನಾನಲ್ಲ. "ನಾಳೆ ಜನ ಬರ್ತಾರೆ ಅಂತ ಆಫೀಸಿಂದ ಹೇಳಿದ್ರು, ನಿನ್ನೆಯಿಂದ ಬಿಟ್ಟಿದೀನಿ. ಎರಡು ದಿನ ನೀರು ಬಿಟ್ರೆ ಸಾಕಾಗುತ್ತೆ ಮೇಡಂ. ಯಾರಿಗೂ ಗೊತ್ತಾಗಲ್ಲ."

"ಯಾಕೆ ಮಾಡ್ತೀರಿ ಇದನ್ನ?"

"ನಿಮ್ಮ ಮರ್ಯಾದೆ ಅಲ್ವಾ. ಒಂದ್ಸಲ ಉಳಿಸೋಕೆ ಅಂತ ಹೊರಟ ಮೇಲೆ ಅರ್ಧಕ್ಕೆ ಬಿಡೋಕಾಗುತ್ತಾ?" ಅಂದು ನಕ್ಕರು.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಬರೆಯಬೇಕಾದದ್ದು ಅದಲ್ಲ. ಬರೆಯಬೇಕಾದದ್ದು ಇದು: ಪೈಪು ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಮರುದಿನ ಜನ ಬರುವವರಿದ್ದರು. ಛತ್ರಿ ತೆಗೆದುಕೊಂಡು ಹೊರಟೆ. ಆಮೇಲೆ ಪ್ರತಿ ಸಲವೂ ಎರಡು ದಿನ ಮುಂಚೆ ಅವರಿಗೆ ಫೋನು ಮಾಡಿ, "ನಾಡಿದ್ದು ಬರ್ತಿದೀವಿ ಕೋಲಣ್ಣ" ಅಂತ ತಿಳಿಸುವುದನ್ನು ರೂಢಿ ಮಾಡಿಕೊಂಡೆ. ಇನ್ನೇನೂ ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆರು ವರ್ಷ ಹೀಗೇ ನಡೆಯಿತು.

ನಿವೃತ್ತಿಯ ದಿನ ನನ್ನ ಭಾಷಣ ಮುಗಿದು ಟೀ ಬಂತು. ಅವರ ಮಗಳು ನನ್ನನ್ನು ಹುಡುಕಿಕೊಂಡು ಬಂದಳು, ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದಾಳಂತೆ. ಅಪ್ಪನದೇ ಹುಬ್ಬು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಮೇಡಂ, ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಅಂದ್ಕೊಂಡಿದ್ದೆ. ಪಾರ್ಕಿನ ಅಳತೇಲಿ ಅಪ್ಪ ದೊಡ್ಡ ತಪ್ಪು ಮಾಡಿದ್ರಂತೆ, ಕೆಲಸಾನೇ ಹೋಗೋದಿತ್ತಂತೆ. ನೀವು ಸಾಹೇಬ್ರ ಹತ್ರ ಮಾತಾಡಿ ಉಳಿಸಿದ್ರಂತೆ. ಇಲ್ದಿದ್ರೆ ನನ್ನ ಓದು ಅಲ್ಲಿಗೇ ನಿಲ್ತಿತ್ತು. ನಾವು ನಿಮ್ಮನ್ನ ಮರೆಯಲ್ಲ."

ಅವಳ ಹಿಂದೆ ಕೋಲಣ್ಣ ಟೀ ಲೋಟ ಹಿಡಿದು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷದ ಮೇಲೆ ಮತ್ತೆ ಅದೇ ನೋಟ. ಒಂದು ಮಾತು ಸಾಕಿತ್ತು. ಮಗಳೆದುರು, ಅಷ್ಟು ಜನರೆದುರು, ಒಂದೇ ಒಂದು ಮಾತು.

"ಅಯ್ಯೋ, ಅದರಲ್ಲೇನಿದೆ ಬಿಡಮ್ಮ," ಅಂದೆ.

ಕೋಲಣ್ಣ ಲೋಟ ಕೆಳಗಿಟ್ಟರು. ಆಫೀಸು ಕೊಟ್ಟ ಗಡಿಯಾರದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಡಿಯಮ್ಮ, ಹೊತ್ತಾಯ್ತು" ಅಂತ ಮಗಳನ್ನು ಮುಂದೆ ಕಳಿಸಿದರು. ಬಾಗಿಲ ಹತ್ತಿರ ಹೋದವರು ತಿರುಗಿ ನನ್ನ ಬಳಿಗೆ ಬಂದರು. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಹೊಸ ವಾಚ್‌ಮನ್‌ಗೆ ಪೈಪಿನ ವಿಷ್ಯ ಹೇಳಿದೀನಿ ಮೇಡಂ. ನೀವೇನೂ ಚಿಂತೆ ಮಾಡ್ಬೇಡಿ."